ಕೋದಂಡರಾಮಪ್ಪನವರ ಹೊಸ ಡ್ರೈವರ್

ನರಸಿಂಹಪ್ಪನಂಥ ಡ್ರೈವರನ್ನು ಲಾರಿ ಮಾಲೀಕರು ಎರಡೇ ಮಾತಿಗೆ ವಾಪಸ್ ಕಳಿಸಿದ್ದು ಕಂಡು, ಹಿಂದೆ ನಿಂತಿದ್ದ ಆವಲಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಅದೂ ಎಂಥ ಕಾಲದಲ್ಲಿ! ಎಂಬತ್ತೆರಡರ ಮಾವಿನ ಸುಗ್ಗಿ. ಶ್ರೀನಿವಾಸಪುರದ ಮಂಡಿಗಳಲ್ಲಿ ಹಣ್ಣು ಕೊಳೀತಾ ಬಿದ್ದಿದೆ. ಲಾರಿಗಳಿವೆ, ಓಡಿಸುವವರಿಲ್ಲ. ಹೆವಿ ಲೈಸೆನ್ಸಿದ್ದ ಗಟ್ಟಿ ಕೈಗಳೆಲ್ಲ ದುಬೈ, ಮಸ್ಕತ್ ಅಂತ ವಿಮಾನ ಹತ್ತಿಬಿಟ್ಟಿದ್ದವು. ಮುಳಬಾಗಿಲಿನ ಲಾರಿ ಮಾಲೀಕರು ಡ್ರೈವರುಗಳ ಮನೆಬಾಗಿಲಿಗೇ ಹೋಗಿ ಹಲ್ಲು ಗಿಂಜುತ್ತಿದ್ದರು. ಹಾಗಿರುವಾಗ ಬೊಂಬಾಯಿ ಲೈನಿನಲ್ಲಿ ಪಳಗಿದವನನ್ನು ಬೇಡ ಅನ್ನುವುದೇ?

"ಊರಿಗೆ ಯಾವಾಗ ಬಂದೆ?" ಅಂತ ಕೇಳಿದ್ದರು ಮಾಲೀಕ ಕೋದಂಡರಾಮಪ್ಪ.

"ನಿನ್ನೆ ಸಾಮಿ. ಅಲ್ಲೀಗಂಟ ಬೊಂಬಾಯಲ್ಲೇ ಇದ್ದೆ."

"ಹಂಗಾದ್ರೆ ನೀನು ಬೇಡಪ್ಪ. ಹೋಗು."

ಮುಗೀತು. ನರಸಿಂಹಪ್ಪ ಹೊರಟುಹೋದ.

ಅವನಿಗೇ ಹೀಗಾದರೆ ತನ್ನ ಗತಿ? ಆವಲಪ್ಪನ ಎಡಗಣ್ಣು ಹೋಗಿ ವರ್ಷವಾಗಿತ್ತು. ಎದುರಿಗೆ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೆ. ಮಾಲೂರಿನ ಹಿಂದಿನ ಮಾಲೀಕರು ಗೊತ್ತಾದ ದಿನವೇ ಕೀ ಕಿತ್ತುಕೊಂಡಿದ್ದರು. ಅವತ್ತಿನಿಂದ ಮನೆ ನಡೆಯುತ್ತಿದ್ದುದು ಹೆಂಡತಿ ಮುನಿಯಲ್ಲಮ್ಮನಿಂದ. ರೇಷ್ಮೆ ನೂಲು ತೆಗೆಯುವ ಕೆಲಸ. ದಿನವಿಡೀ ಕುದಿಯುವ ನೀರಿನಲ್ಲಿ ಗೂಡು ಹುಡುಕಿ ಹುಡುಕಿ ಅವಳ ಬೆರಳೆಲ್ಲ ಹುಣ್ಣಾಗಿದ್ದವು. ಮುದ್ದೆ ಮುರಿಯಲಾಗದೆ ಕೂತರೆ ಆವಲಪ್ಪನೇ ತುತ್ತು ಮಾಡಿ ಬಾಯಿಗಿಡಬೇಕು. ಹಾಗೆ ಇಡುವಾಗಲೆಲ್ಲ ಅವನಿಗೆ ಸತ್ತುಹೋಗೋಣ ಅನ್ನಿಸುತ್ತಿತ್ತು.

"ಸ್ಟೇರಿಂಗ್ ಸಿಕ್ಕಿದ ದಿನ ನೀನು ಆ ಬಿಸಿನೀರಿಗೆ ಎಳ್ಳುನೀರು ಬಿಟ್ಟುಬಿಡು ಕಣೇ," ಅಂತ ಬೆಳಿಗ್ಗೆ ಹೇಳಿ ಬಂದಿದ್ದ.

ಅವನಿಗಿದ್ದ ಭಯ ಒಂದೇ, ಕೋದಂಡರಾಮಪ್ಪನವರ ಚೊಂಬು. ಹೊಸ ಡ್ರೈವರ್ ಬಂದರೆ ಇಂಜಿನ್ ಮುಚ್ಚಳದ ಮೇಲೆ ಕಂಠಪೂರ್ತಿ ನೀರು ತುಂಬಿದ ಚೊಂಬಿಟ್ಟು, ಪಕ್ಕದಲ್ಲಿ ಅವರೇ ಕೂತು, ಸಂತೆ ಬೀದಿಯಲ್ಲಿ ಲಾರಿ ಹಿಂದಕ್ಕೆ ತೆಗೆಸುತ್ತಿದ್ದರು. ನೀರು ತುಳುಕಿತೋ, ಕೆಲಸ ಇಲ್ಲ. ತಾಲ್ಲೂಕಿಗೆಲ್ಲ ಗೊತ್ತಿದ್ದ ವಿಷಯ.

"ಲೈಸೆನ್ಸ್ ಚಾಲ್ತಿಯಲ್ಲಿದೆಯೇನಪ್ಪ?" ಕೋದಂಡರಾಮಪ್ಪ ಆವಲಪ್ಪನ ಕಡೆ ತಿರುಗಿದರು.

"ಇದೆ ಸಾಮಿ. ಹೆವಿದೇ."

"ಈ ವಾರದಲ್ಲಿ ಯಾರ ಗಾಡಿಯಾದ್ರೂ ಹತ್ತಿದ್ಯಾ?"

"ಇಲ್ಲ ಸಾಮಿ. ಹೆಂಡ್ತಿ ಕೆಲಸಕ್ಕೋಗ್ತಾಳೆ, ನಾನೊಬ್ನೇ ಮನೇಲಿ ಬಿದ್ದಿರ್ತೀನಿ. ಕೆಲಸವಿಲ್ಲದೋನ ಮನೆಗೆ ಯಾರು ಬರ್ತಾರೆ?"

ಒಬ್ಬರ ಡ್ರೈವರನ್ನು ಇನ್ನೊಬ್ಬರು ಎಳೆದುಕೊಂಡರೆ ಮಾಲೀಕರಲ್ಲಿ ಹೊಡೆದಾಟವೇ ಆಗುತ್ತಿದ್ದ ಕಾಲ. ಅದಕ್ಕೇ ಈ ವಿಚಾರಣೆ, ನರಸಿಂಹಪ್ಪನಿಗೂ ಅದೇ ಮುಳುವಾಯಿತು ಅಂದುಕೊಂಡ ಆವಲಪ್ಪ.

ಅಷ್ಟರಲ್ಲಿ ಮಾಲೀಕರ ಹೆಂಡತಿ ಆದಿಲಕ್ಷ್ಮಮ್ಮ ಎಡಗಡೆಯಿಂದ ಬಂದು ಮಜ್ಜಿಗೆ ಲೋಟ ಚಾಚಿದರು. ಆವಲಪ್ಪನಿಗೆ ಕಾಣಲಿಲ್ಲ. ಏನೋ ಹೇಳಲು ಕೈ ಎತ್ತಿದ, ಲೋಟಕ್ಕೆ ತಾಗಿ ಮಜ್ಜಿಗೆಯೆಲ್ಲ ಚೆಲ್ಲಿತು. ಆ ತಾಯಿಯ ಕಣ್ಣು ಆಗಲೇ ಅತ್ತು ಅತ್ತು ಊದಿತ್ತು. ಖಾಲಿ ಲೋಟ ಹಿಡಿದು ಒಳಗೆ ಹೋಗಿಬಿಟ್ಟರು.

"ಮಗನಿಗೆ ಜ್ವರ. ಎರಡು ದಿನದಿಂದ ಕೋಣೆ ಬಿಟ್ಟು ಬಂದಿಲ್ಲ. ಅದೇ ಕೊರಗು ಅವಳಿಗೆ," ಅಂದರು ಕೋದಂಡರಾಮಪ್ಪ. ಆಮೇಲೆ ಆವಲಪ್ಪನ ಎಡಗಣ್ಣಿನ ಮುಂದೆ ಮೆಲ್ಲಗೆ ಕೈಯಾಡಿಸಿದರು. "ಎಷ್ಟು ದಿನದಿಂದ ಹಿಂಗೆ?"

ಇನ್ನೇನು ಉಳೀತು! ಆವಲಪ್ಪ ಅವರ ಕಾಲು ಹಿಡಿದುಬಿಟ್ಟ. ಮುಚ್ಚಿಟ್ಟದ್ದನ್ನೆಲ್ಲ ಕಕ್ಕಿದ. ಹೆಂಡತಿಯ ಕೈ, ಹುಣ್ಣು, ತುತ್ತು, ಒಂದನ್ನೂ ಬಿಡಲಿಲ್ಲ.

"ಏಳಯ್ಯ, ಏಳು. ಒಂದು ಕಣ್ಣು ಹೋದ್ರೆ ಮನುಷ್ಯ ಹೋದಂಗಾ? ಕೆಲಸ ನಿಂದೇ."

"ಚೊಂಬು, ಸಾಮಿ...?"

"ನಿನಗ್ಯಾಕೆ ಚೊಂಬು?"

ಇಂಥ ಮನುಷ್ಯರೂ ಇರ್ತಾರಾ ದೇವರೇ! ಆವಲಪ್ಪ ಅತ್ತೇಬಿಟ್ಟ. ಅಷ್ಟಕ್ಕೇ ನಿಲ್ಲಲಿಲ್ಲ. ಕೋದಂಡರಾಮಪ್ಪ ತಮ್ಮ ಲೆಕ್ಕ ಬರೆಯುವ ರೈಟರ್ ಶ್ರೀನಿವಾಸಪ್ಪನನ್ನು ಕರೆದು, ಆಗಲೇ ಸೈಕಲ್ ಹತ್ತಿಸಿ ಕಳಿಸಿದರು. ಮುನಿಯಲ್ಲಮ್ಮ ಇನ್ನು ಕೆಲಸಕ್ಕೆ ಬರಲ್ಲ ಅಂತ ಆ ರೇಷ್ಮೆ ಕಾರ್ಖಾನೆಯ ಯಜಮಾನರ ಎದುರಿಗೇ ಹೇಳಿ, ಅವಳನ್ನು ಮನೆ ಸೇರಿಸಿ ಬಾ ಅಂದರು.

"ನೀನು ಎಲ್ಲಿದ್ರೂ ತಿಂಗಳ ಸಂಬಳ ಅವಳ ಕೈ ಸೇರುತ್ತೆ. ನನ್ನ ಮಾತು. ನಿನ್ನ ಮಾತು?"

"ಎಂಥ ಲೋಡಾದ್ರೂ ಹೊರ್ತೀನಿ ಸಾಮಿ. ಇಲ್ಲ ಅಂದ್ರೆ ಕೇಳಿ."

ಲಾರಿ ನಂಗಲಿ ದಾರಿಯಲ್ಲಿ ನಿಂತಿದೆ ಅಂದರು. ಜೀಪನ್ನು ಮಾಲೀಕರೇ ಓಡಿಸಿದರು. ಆವಲಪ್ಪ ಪಕ್ಕದಲ್ಲಿ ಮದುವಣಿಗನ ಹಾಗೆ ಕೂತಿದ್ದ. ಇಷ್ಟು ಹೊತ್ತಿಗೆ ಅವಳು ಕೈ ಒರೆಸಿಕೊಂಡು ಮನೆ ದಾರಿ ಹಿಡಿದಿರಬೇಕು, ಇನ್ನೊಂದು ತಿಂಗಳಿಗೆ ಹುಣ್ಣು ಮಾಗುತ್ತೆ, ಆಮೇಲೆ ಅವಳ ಕೈಯಲ್ಲೇ ಅವಳು ಉಣ್ತಾಳೆ ಅಂತ ಅವನ ಲೆಕ್ಕಾಚಾರ ಸಾಗಿತ್ತು. ರಸ್ತೆಯ ಮೇಲೆ ಅವನಿಗೆ ಗಮನವೇ ಇರಲಿಲ್ಲ.

ಜೀಪು ಹೆದ್ದಾರಿ ಬಿಟ್ಟು ಒಂದು ಕಾಂಪೌಂಡಿನೊಳಗೆ ತಿರುಗಿ ನಿಂತಿತು. ಹುಣಸೆಮರದಡಿ ಲಾರಿ ಇತ್ತು. ಮುಂದಿನ ಗಾಜು ಪುಡಿಯಾಗಿತ್ತು, ಎಡಗಡೆಯ ದೀಪ ಒಳಕ್ಕೆ ನುಗ್ಗಿತ್ತು. ಪಕ್ಕದಲ್ಲೊಬ್ಬ ಪೊಲೀಸಿನವನು ಕಾವಲಿದ್ದ. ಆವಲಪ್ಪ ಕಕ್ಕಾಬಿಕ್ಕಿಯಾಗಿ ಮಾಲೀಕರ ಮುಖ ನೋಡಿದ.

"ಮೊನ್ನೆ ಸಂಜೆ ಈ ಗಾಡಿ ಓಡಿಸಿ ಇಳಿದು ಓಡಿಹೋದದ್ದು ನನ್ನ ಮಗ ಅಲ್ಲ, ನೀನು," ಅಂದರು ಕೋದಂಡರಾಮಪ್ಪ, "ಎಡಗಡೆಯಿಂದ ಮಗು ಎತ್ಕೊಂಡು ಅಡ್ಡ ಬಂದ ಹೆಂಗಸು ಕಾಣಲಿಲ್ಲ ಅಂತ ಹೇಳು, ನಿನ್ನ ಕಣ್ಣು ನೋಡಿದ್ರೆ ಯಾವ ಜಡ್ಜಾದ್ರೂ ನಂಬ್ತಾನೆ."