ಬಿಳಿ ಕಾಕಟೂ ಮೈ ಕೊಡವಿದಾಗ

ನೆಲಕ್ಕೆ ಹಾಸಿದ ಒದ್ದೆ ಫರ್ಸಿ ಕಲ್ಲಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ರಾವೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾಮಾ ಹೈದರಾಬಾದಿನಿಂದ ಬಿಳಿ ಕಾಕಟೂ ಹಕ್ಕಿ ತಂದುಕೊಟ್ಟು ತಿಂಗಳಾಗಿತ್ತು. ನಾನು ಪಂಜರ ಎಷ್ಟು ತೊಳೆದರೂ ಸಂಜೆಯೊಳಗೆ ಕೆಳಗಿನ ಕರಿ ಫರ್ಸಿಯ ಮೇಲೆ ಹಿಟ್ಟಿನಂಥ ಧೂಳು ಕೂರುತ್ತಿತ್ತು. ‘ಕಲ್ಲಿನ ಖಣಿ ಧೂಳ ಅದು, ಕಿಡಕಿ ಹಾಕು’ ಅನ್ನುತ್ತಿದ್ದಳು ಅವ್ವ.

ಅವತ್ತು ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ ಕಾದು ಕುಳಿತೆ. ಗವಾಕ್ಷಿಯ ಗಾಜಿನಿಂದ ಬಿದ್ದ ಬಿಸಿಲಿನಲ್ಲಿ ಹಕ್ಕಿ ಒಮ್ಮೆ ಮೈ ಕೊಡವಿತು. ಗರಿಯೊಳಗಿಂದ ಬೆಳ್ಳನೆಯ ಮೋಡವೇ ಎದ್ದಿತು!

‘ಅವ್ವಾ, ಹಕ್ಕೀನೇ ಧೂಳ ಮಾಡ್ಲಿಕತ್ತದ!’ ಎಂದು ಕುಣಿದುಬಿಟ್ಟೆ.

ಓಡಿಬಂದ ಅವ್ವ, ಮೂಲೆಯಲ್ಲಿ ಕೆಮ್ಮುತ್ತಿದ್ದ ಅಜ್ಜನನ್ನು, ನಮ್ಮ ಮುತ್ಯಾನನ್ನು, ನೋಡಿ, ‘ಹಂಗಾರ ನಾಳಿಗೇ ಇದನ್ನ ವಾಪಸ್ ಕಳಸ್ತೀನಿ’ ಅಂದಳು. ನಾನು ಪಂಜರವನ್ನು ಅಪ್ಪಿ ಹಿಡಿದೆ.

ಮುತ್ಯಾ ಜೀವಮಾನವೆಲ್ಲ ಖಣಿಯಲ್ಲಿ ಕಲ್ಲು ಒಡೆದವನು. ‘ನನ್ನ ಕೆಮ್ಮು ಖಣೀದು, ಹಕ್ಕೀದಲ್ಲ. ಒಂದ್ ಚರಗಿ ನೀರ್ ತಂದು ಅದರ ಮೈ ತೋಯಿಸು’ ಅಂದ.

ನಾನು ನೀರು ಚಿಮುಕಿಸಿದೆ. ಹಕ್ಕಿ ಜುಟ್ಟು ನಿಗುರಿಸಿ, ರೆಕ್ಕೆ ಹರಡಿ ಕೇಕೆ ಹಾಕಿತು. ಫರ್ಸಿಯ ಮೇಲೆ ಹಾಲಿನಂಥ ನೀರು ಹರಿಯಿತು. ಮುತ್ಯಾ ಬಾಯಿಗೆ ಟವೆಲ್ ಒತ್ತಿ, ಬಂದ ಕೆಮ್ಮನ್ನು ನುಂಗುತ್ತ, ಟವೆಲಿನೊಳಗಿಂದಲೇ ‘ಭಾಳ ಚಲೋ, ಇನ್ನೊಂದ್ ಚರಗಿ ಹಾಕು’ ಅನ್ನುತ್ತಿದ್ದ.