ಮುರಿಗೆವ್ವನ ಮಗ್ಗದಲ್ಲಿ ಎಂಟು ದಿನ

ಮುರಿಗೆವ್ವನ ಮನೆಗೆ ತರಬೇತಿಗೆಂದು ಬಂದ ಡಾಕ್ಟರುಗಳಲ್ಲಿ ವಾದಿರಾಜ ಐದನೆಯವನು. ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸಬೇಕೆನ್ನುವವನು ಮೊದಲು ತಾನೇ ಅದನ್ನು ನುಂಗಿ, ಎಂಟು ದಿನ ಅವರ ಕೆಲಸ ಮಾಡಬೇಕೆಂಬುದು ನಿಯಮ. ಆಮೇಲೆಯೇ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಕೇಳಬಹುದು. ಗುಳೇದಗುಡ್ಡದಲ್ಲಿ ಇದು ಈಗ ಯಾರಿಗೂ ಹೊಸದಲ್ಲ. ಡಾಕ್ಟರು ಬಂದರೆ ಎರಡು ರೊಟ್ಟಿ ಹೆಚ್ಚು ಬಡಿಯುತ್ತಾರೆ, ಅಷ್ಟೆ.

ಈ ಸಲದ್ದು ಮೊಣಕಾಲು ನೋವಿನ ಗುಳಿಗೆ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನಲವತ್ತು ವರ್ಷ ರವಿಕೆಯ ಖಣ ನೇಯ್ದ ಮುರಿಗೆವ್ವನಿಗೆ ಅದು ಬೇಕೇ ಬೇಕಿತ್ತು. ಪತ್ರದಲ್ಲಿ ಇದ್ದದ್ದು ಒಂದೇ ಎಚ್ಚರಿಕೆ: 'ಕೈ ಸ್ವಲ್ಪ ನಡುಗಬಹುದು.'

ವಾದಿರಾಜ ಗುಳಿಗೆ ನುಂಗತೊಡಗಿದ ಮೂರನೆಯ ದಿನ ಮಗ್ಗದಲ್ಲಿ ಒಂದು ಎಳೆ ಹರಿಯಿತು. ಅದಕ್ಕೆ ಗಂಟು ಹಾಕಲು ಹೋದ ಅವನ ಬೆರಳಲ್ಲಿ ರೇಷ್ಮೆ ನಿಲ್ಲಲೇ ಇಲ್ಲ. ಒಂದನ್ನು ಕಟ್ಟಲು ಹೋಗಿ ಇನ್ನೂ ನಾಲ್ಕನ್ನು ಹರಿದ.

"ಗಂಟೇ ಬೀಳ್ತಿಲ್ಲ, ಅಮ್ಮ."

"ಸ್ವಲ್ಪ ಅಂದ್ರ ಎಷ್ಟಂತ ಈಗ ಗೊತ್ತಾತೇನ್ರಿ?" ಮುರಿಗೆವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಕುರ್ಚಿ ಮ್ಯಾಲೆ ಅದು ಸ್ವಲ್ಪನ. ಇಲ್ಲಿ ಅದು ನನ್ನ ಅನ್ನ."

ವಾದಿರಾಜ ಪತ್ರದಲ್ಲಿ ಆ ಸಾಲನ್ನು ಹೊಡೆದು, ಸೊಟ್ಟ ಅಕ್ಷರಗಳಲ್ಲಿ ಬೇರೆ ಬರೆದು, ಓದಿ ಹೇಳಿದ: "ನೇಯಲು ಆಗುವುದಿಲ್ಲ."

"ಹಂಗಾದ್ರ ನನಗ ಬ್ಯಾಡ್ರಿ," ಎಂದಳು.

ಮೊಣಕಾಲು ಹಿಡಿದುಕೊಂಡು, ನರಳುತ್ತಲೇ ಕುಣಿಗಿಳಿದು ಐದೂ ಎಳೆಗಳಿಗೆ ಗಂಟು ಹಾಕಿದಳು. ಹರಿದು ಬಿದ್ದಿದ್ದ ರೇಷ್ಮೆ ತುಂಡುಗಳನ್ನು ಆಯ್ದು ಅವನ ಅಂಗೈಯಲ್ಲಿಟ್ಟಳು.

"ಇವನ್ನೂ ಆ ಕಾಗದಕ್ಕ ಹಚ್ರಿ. ಓದಾಕ ಬರದವ್ರು ಕೈಲೆ ಮುಟ್ಟಿ ತಿಳ್ಕೊಳ್ತಾರ."