ಒಂದೇ ಇರಬೇಕು

ಸಾಹೇಬರ ಹಜಾರದಲ್ಲಿ ಎರಡು ಜಾಡಿಗಳು ಅಕ್ಕಪಕ್ಕ ನಿಂತಿದ್ದವು. ಒಂದು, ಆರುನೂರು ವರ್ಷಗಳ ಹಿಂದೆ ಜಪಾನಿನ ಯಾವುದೋ ಕುಂಬಾರ ಸುಟ್ಟದ್ದು; ಮೆರುಗು ಹಚ್ಚದ ಒರಟು ಮೈ, ಹೆಗಲ ಮೇಲೆ ಬೂದಿ ಕರಗಿ ಇಳಿದ ಹಸಿರು ಕಲೆ. ಇನ್ನೊಂದು, ಸಾಹೇಬರು ಪಂಥ ಕಟ್ಟಿದ್ದಕ್ಕೆ ಊರ ಕುಂಬಾರ ಈರಭದ್ರ ಅದನ್ನು ನೋಡಿ ಮಾಡಿದ್ದು. ಎರಡು ವರ್ಷ ಹಿಡಿದಿತ್ತು. ಹತ್ತೊಂಬತ್ತು ಜಾಡಿಗಳು ಸುಡುವಾಗ ಆವಿಗೆಯಲ್ಲೇ ಸೀಳಿಹೋಗಿದ್ದವು. ಆ ಹೊಗೆಗೆ ಅವನ ಎಡಗಣ್ಣು ಮಬ್ಬಾಗಿತ್ತು.

ಸಾಹೇಬರು ಎರಡನ್ನೂ ಸವರಿದರು, ಬಗ್ಗಿ ಬಗ್ಗಿ ನೋಡಿದರು, ಕೊನೆಗೆ ಸೋತರು.

“ನಿಂದು ಯಾವುದೋ?”

“ಯಾಕ್ರೀ ಸಾಹೇಬ್ರ?”

“ನಿನ್ನಿಂದ ಆಗೂದಿಲ್ಲ ಅಂತ ತಿಳಿದು ಮಾಡು ಅಂದಿದ್ದೆ. ಇಂಥದ್ದು ಲೋಕದಾಗ ಒಂದ ಇರಬೇಕು. ನಿಂದು ಒಡೆದು ಹಾಕು.”

“ಬ್ಯಾಡ್ರಿ. ಮನಿಯಾಗ ಮುಚ್ಚಿ ಇಟ್ಕೊಂತೀನಿ. ಯಾರಿಗೂ ತೋರಿಸೂದಿಲ್ಲ.”

“ನಿನ್ನ ಕೈಯಾರೆ ಒಡಿ. ನಾ ನೋಡಬೇಕು.”

ಸಾಹೇಬರು ಕಬ್ಬಿಣದ ಹಾರೆಯನ್ನು ಅವನ ಕೈಗಿತ್ತರು. ಈರಭದ್ರ ಎರಡೂ ಜಾಡಿಗಳನ್ನು ಒಂದೊಂದಾಗಿ ಸವರಿದ. ಆಮೇಲೆ ಎಡಗಡೆಯ ಜಾಡಿಯ ಮುಂದೆ ಕೂತು, ಅದನ್ನು ತಬ್ಬಿ, ಅದರ ಹೆಗಲಿಗೆ ಹಣೆ ಹಚ್ಚಿದ.

“ಇದ ನಂದು,” ಎಂದ.

ಮೂರು ಏಟಿಗೆ ಅದು ಚೂರುಚೂರಾಯಿತು. ಅವನು ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ. ಸಾಹೇಬರು ಆ ಅಳುವನ್ನು ಕಣ್ತುಂಬ ನೋಡಿ, ಉಳಿದ ಜಾಡಿಯನ್ನು ಗಾಜಿನ ಕಪಾಟಿನೊಳಗಿಟ್ಟು ಬೀಗ ಹಾಕಿಕೊಂಡರು.

ಮನೆ ಮುಟ್ಟುವವರೆಗೂ ಈರಭದ್ರ ಕಣ್ಣೊರೆಸಿಕೊಳ್ಳುತ್ತಲೇ ಇದ್ದ. ತನ್ನದನ್ನು ಉಳಿಸಿಕೊಳ್ಳಲು ಅವನು ಹೆಸರೂ ಗೊತ್ತಿಲ್ಲದ ಆ ಜಪಾನಿನ ಕುಂಬಾರನದನ್ನು ಒಡೆದಿದ್ದ.